ನೋಂದಣಿ ನಂಬರ್ ಇದೆಯಲ್ಲ ಸಾರ್!

ನೀಟ್ ರಿಸಲ್ಟ್ ಬಂದ ಮೇಲೆ ಮಂಡ್ಯದ ನನ್ನ ಹೋಮಿಯೋಪಥಿ ಕ್ಲಿನಿಕ್‌ಗೆ ರೋಗಿಗಳ ಜೊತೆ ಅಪ್ಪಂದಿರೂ ಬರಲು ಶುರು ಮಾಡುತ್ತಾರೆ. ಕೈಯಲ್ಲಿ ಬಣ್ಣದ ಪುಸ್ತಿಕೆ. "ಸಾ, ನೀವು ಓದಿರೋ ಕೋರ್ಸೇ ಅಂತೆ. ನೀಟು ಗೀಟು ಏನೂ ಬ್ಯಾಡ್ವಂತೆ." ತೆರೆದು ನೋಡಿದರೆ ಬಿ.ಇ.ಎಂ.ಎಸ್. ಅಂದರೆ ಎಲೆಕ್ಟ್ರೋ ಹೋಮಿಯೋಪಥಿ. ನನ್ನದು ಬಿ.ಎಚ್.ಎಂ.ಎಸ್., ಅಂದರೆ ಹೋಮಿಯೋಪಥಿ ಪದವಿ.

ಇವೆರಡೂ ಒಂದೇ ಅಲ್ಲ. ಹೋಮಿಯೋಪಥಿ ಜರ್ಮನಿಯ ಹಾನಿಮನ್ ಅವರದು. ಎಲೆಕ್ಟ್ರೋ ಹೋಮಿಯೋಪಥಿ 19ನೇ ಶತಮಾನದಲ್ಲಿ ಇಟಲಿಯ ಕೌಂಟ್ ಮ್ಯಾಟ್ಟೈ ಕಟ್ಟಿದ್ದು. ಗಿಡಮೂಲಿಕೆಯ ಸಾರವೇ ಅದರ ಔಷಧಿ, ಹೆಸರಲ್ಲಿ ಎಲೆಕ್ಟ್ರೋ ಇದ್ದರೂ ಕರೆಂಟಿಗೂ ಅದಕ್ಕೂ ಸಂಬಂಧವಿಲ್ಲ. ಯಾವುದು ಗುಣ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬ ಜಗಳ ಬೇರೆ. ಹೋಮಿಯೋಪಥಿಯ ಮೇಲೂ ಆ ಪ್ರಶ್ನೆ ಇದೆ, ಗೊತ್ತು. ನಾನಿಲ್ಲಿ ಹೇಳುತ್ತಿರುವುದು ಕಾನೂನಿನ ಮಾತು ಮಾತ್ರ.

ಇಷ್ಟು ಹೇಳಿದ ಕೂಡಲೇ ಅಪ್ಪ ಪುಸ್ತಿಕೆಯ ಕೊನೇ ಪುಟ ತೋರಿಸುತ್ತಾರೆ. "ಇಲ್ನೋಡಿ ಸಾ, ಗೌರ್ಮೆಂಟ್ ರಿಜಿಸ್ಟ್ರೇಷನ್ ನಂಬರ್ ಐತೆ." ನನಗೆ ತಲೆ ಬಿಸಿಯಾಗುವುದು ಇಲ್ಲೇ. ನಂಬರ್ ಸುಳ್ಳಲ್ಲ, ನಿಜವಾದದ್ದೇ ಇರಬಹುದು. ಆದರೆ ಯಾವ ಕಚೇರಿ ಕೊಟ್ಟ ನಂಬರ್? ಸಂಘಗಳ ನೋಂದಣಿ ಕಾಯ್ದೆಯಲ್ಲಿ ಕೆಲವು ಜನ ಸೇರಿ ಅರ್ಜಿ ಹಾಕಿ, ಬೈಲಾ ಬರೆದುಕೊಟ್ಟು, ಫೀಸು ಕಟ್ಟಿದರೆ ಸಂಘಕ್ಕೆ ನಂಬರ್ ಸಿಗುತ್ತದೆ. ಟ್ರಸ್ಟ್ ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಪತ್ರ ನೋಂದಾಯಿಸುತ್ತಾರೆ. ಬೀದಿಯ ಗಣಪತಿ ಸಮಿತಿಯೂ ಹೀಗೇ ನಂಬರ್ ಪಡೆಯಬಹುದು. ಹಾಗಂತ ಆ ಸಮಿತಿಯವರು ಡಾಕ್ಟರ್ ಪದವಿ ಕೊಡೋಕಾಗುತ್ತಾ? ಸಂಘ ಇದೆ ಅನ್ನುವುದಕ್ಕಷ್ಟೇ ಆ ನಂಬರ್ ಸಾಕ್ಷಿ. ಅದು ಕಲಿಸುವ ಪಾಠಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿದೆ ಎಂದಲ್ಲ. ಇದನ್ನು ಎಷ್ಟು ಸಲ ಹೇಳಿದರೂ "ಆದ್ರೂ ನಂಬರ್ ಐತಲ್ಲ ಸಾ" ಅನ್ನುತ್ತಾರೆ.

ಒಪ್ಪಿಗೆ ಬರುವ ದಾರಿಯೇ ಬೇರೆ. ಮೊದಲು 1973ರ ಕಾಯ್ದೆಯ ಕೇಂದ್ರ ಹೋಮಿಯೋಪಥಿ ಪರಿಷತ್ತು ಇತ್ತು. ಈಗ 2020ರ ಕಾಯ್ದೆಯ ರಾಷ್ಟ್ರೀಯ ಹೋಮಿಯೋಪಥಿ ಆಯೋಗ ಇದೆ. ಕಾಲೇಜಿಗೆ ಅನುಮತಿ ಕೊಡುವುದು, ಪಠ್ಯ ನಿಗದಿ ಮಾಡುವುದು ಆ ಆಯೋಗ. ಸೇರಲು ನೀಟ್ ಬೇಕೇ ಬೇಕು. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ರಾಜ್ಯದ ಹೋಮಿಯೋಪಥಿ ಮಂಡಳಿಯಲ್ಲಿ ಹೆಸರು ಸೇರಬೇಕು. ಕ್ಲಿನಿಕ್ ಇಡಲು ಕೆ.ಪಿ.ಎಂ.ಇ., ಅಂದರೆ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇರೆ. ಅಂಚೆಯಲ್ಲಿ ಪಾಠ ತರಿಸಿಕೊಂಡು, ಭಾನುವಾರ ಕ್ಲಾಸಿಗೆ ಹೋಗಿ ಆಗುವ ಕೆಲಸ ಅಲ್ಲ ಇದು. ಹಳೆಯ ಡಿ.ಎಚ್.ಎಂ.ಎಸ್. ಎಂಬ ಹೋಮಿಯೋಪಥಿ ಡಿಪ್ಲೊಮಾದ ಹಿರಿಯ ವೈದ್ಯರನ್ನು ಇದರ ಜೊತೆ ಸೇರಿಸಬೇಡಿ, ಪಾಪ. ಆ ಕೋರ್ಸಿಗೆ ಆಗ ಮಾನ್ಯತೆ ಇತ್ತು.

ಎಲೆಕ್ಟ್ರೋದವರ ಹತ್ತಿರವೂ ಕಾಗದ ಇರುತ್ತದೆ. ಕೇಂದ್ರ ಆರೋಗ್ಯ ಇಲಾಖೆಯ 2010ರ ಪತ್ರ ತೋರಿಸಿ "ನಿಷೇಧ ಇಲ್ಲ" ಅನ್ನುತ್ತಾರೆ. ಪೂರ್ತಿ ಓದಿ. 2003ರ ನವೆಂಬರ್ 25ರ ಆದೇಶದ ಮಿತಿಯೊಳಗೆ ಎಂದು ಅದರಲ್ಲೇ ಇದೆ. ಆ ಆದೇಶ ಏನು ಹೇಳುತ್ತದೆ? ಮಾನ್ಯತೆ ಇಲ್ಲದ ಇಂಥ ಪದ್ಧತಿಗಳಲ್ಲಿ ಡಿಗ್ರಿ, ಡಿಪ್ಲೊಮಾ ಕೊಡಲು ಬಿಡಬಾರದು, ಅವರು 'ಡಾಕ್ಟರ್' ಅಂತ ಹಾಕಿಕೊಳ್ಳುವಂತಿಲ್ಲ. ರಾಜಸ್ಥಾನ 2018ರಲ್ಲಿ ಎಲೆಕ್ಟ್ರೋಪಥಿಗೆ ತನ್ನದೇ ಕಾನೂನು ಮಾಡಿದೆ, ಅದು ಆ ರಾಜ್ಯಕ್ಕೆ. ನಾಳೆ ನಿಯಮ ಬದಲಾಗಲೂಬಹುದು. ಸೇರುವ ಮುಂಚೆ ಜಿಲ್ಲಾ ಆಯುಷ್ ಕಚೇರಿಯಲ್ಲಿ ಒಂದು ಸಲ ಕೇಳಿ, ನನ್ನ ಮಾತೇ ಕೊನೆಯಲ್ಲ.

ಮದ್ದೂರಿನ ಕಡೆಯ ಒಬ್ಬರು ಮಗನನ್ನು ಸೇರಿಸಿಯೇ ಬಂದಿದ್ದರು. ಕಬ್ಬಿನ ದುಡ್ಡು ಕಟ್ಟಿ ಎರಡನೇ ವರ್ಷ. "ನಿಮ್ ಕ್ಲಿನಿಕ್ಕಲ್ಲಿ ಕೂರಿಸ್ಕಳಿ ಸಾ, ಕಲ್ತ್ಕತಾನೆ" ಎಂದು ಕೇಳಲು ಬಂದವರು. ಹುಡುಗ ಜಾಣ, ನಾನು ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಹೇಳಿದ. ಅದೇ ಇನ್ನೂ ಸಂಕಟ. ಕೂರಿಸಿಕೊಳ್ಳೋದಿಲ್ಲ ಅಂದೆ. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಮತ್ತೆ ಬರೆಯಪ್ಪ ಅಂತಲೂ ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ನೆ ಕೂತು, "ಕಟ್ಟಿರೋ ದುಡ್ಡು ವಾಪಸ್ ಬತ್ತದಾ ಸಾ?" ಅಂದರು. ಅದಕ್ಕೆ ವಕೀಲರನ್ನೇ ಕೇಳಬೇಕು. ಬರುತ್ತದೆ ಎಂದು ನಾನು ಭರವಸೆ ಕೊಡಲಾರೆ. ಆದರೆ ರಸೀದಿ, ಪುಸ್ತಿಕೆ, ಅವರು ಕಳಿಸಿದ ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ ಅಂದೆ. ರಸೀದಿ ಕೊಟ್ಟೇ ಇಲ್ಲವಂತೆ.