ರಾಗಿ ಹೊಲ ಮಳೆ ಕುಡಿಯುವುದನ್ನು ಮರೆತದ್ದು ಹೇಗೆ

ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಯಾವುದಾದರೂ ಖುಷ್ಕಿ (ಮಳೆಯನ್ನೇ ನಂಬಿದ) ಹೊಲದಿಂದ ಒಣಗಿದ ಹೆಂಟೆಯೊಂದನ್ನು ತಂದು ನೀರು ತುಂಬಿದ ಗಾಜಿನ ಲೋಟಕ್ಕೆ ಮೆಲ್ಲಗೆ ಇಳಿಬಿಡಿ. ಅದೇ ಹೊಲದ ಬದುವಿನ ಮೇಲೆ, ಹೊಂಗೆ ಮರದ ಬುಡದಲ್ಲಿ ಸಿಕ್ಕ ಹೆಂಟೆಯನ್ನು ಇನ್ನೊಂದು ಲೋಟಕ್ಕೆ ಹಾಕಿ. ವರ್ಷವರ್ಷವೂ ಮಣ್ಣನ್ನು ಪುಡಿ ಮಾಡುವ ರೋಟವೇಟರ್ ಹೊಡೆದ ಹೊಲದ ಹೆಂಟೆ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲೇ ಬುಳುಬುಳು ಗುಳ್ಳೆ ಬಿಟ್ಟು, ಕುಸಿದು, ತಳದಲ್ಲಿ ಕೆಸರಾಗುತ್ತದೆ. ಹೊಂಗೆ ಬುಡದ್ದು ಎಷ್ಟೋ ಹೊತ್ತು ಹಾಗೇ ಕೂತಿರುತ್ತದೆ. ಎರಡೂ ಒಂದೇ ಕೆಂಪು ಮಣ್ಣು, ಎರಡರ ಮೇಲೂ ಬಿದ್ದದ್ದು ಒಂದೇ ಮಳೆ. ಬೇರಿನ ರಸ, ಶಿಲೀಂಧ್ರದ ಎಳೆ, ಕೊಳೆತ ಸೊಪ್ಪು ಸೇರಿ ಆಗುವ ಅಂಟು ಒಂದರಲ್ಲಿ ಉಳಿದಿದೆ, ಇನ್ನೊಂದರಲ್ಲಿ ಕರಗಿ ಹೋಗಿದೆ.

ಲೋಟದಲ್ಲಿ ಕಂಡದ್ದೇ ಹೊಲದಲ್ಲೂ ನಡೆಯುತ್ತದೆ. ಬಿರುಸಾದ ಹನಿ ಬರಿ ನೆಲದ ಮೇಲೆ ಬಿದ್ದಾಗ ಮಣ್ಣಿನ ಕಾಳು ಒಡೆದು, ನುಣ್ಣನೆಯ ಜೇಡಿ ಸಂದುಗಳಿಗೆ ಇಳಿದು ಮುಚ್ಚಿಕೊಳ್ಳುತ್ತದೆ. ಎರಡು ಬಿಸಿಲು ಬಿದ್ದರೆ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ಸಾಸಿವೆಯಷ್ಟೇ ಸಣ್ಣದಾದ ರಾಗಿ ಕಾಳಿನ ಮೊಳಕೆಗೆ ಅದನ್ನು ಭೇದಿಸಿ ಬರುವ ಶಕ್ತಿಯಿಲ್ಲ. ಮುಂದಿನ ಮಳೆ ಆ ಹಪ್ಪಳದ ಮೇಲೆಯೇ ಹರಿದು ಕಾಲುವೆ ಸೇರುತ್ತದೆ. ಹವಾಮಾನ ಬದಲಾವಣೆ ಈ ಸೀಮೆಗೆ ಬಂದಿರುವುದು ಹೀಗೆ: ವಾರಗಟ್ಟಲೆ ಒಣಹವೆ, ಆಮೇಲೆ ಒಂದೇ ರಾತ್ರಿ ಸುರಿದು ಹೋಗುವ ಮಳೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಎಂದು ಘೋಷಣೆಯಾದವು. ಅಂಥ ವರ್ಷದಲ್ಲಿ ಬಿದ್ದಷ್ಟು ಮಳೆಯನ್ನಾದರೂ ಹೊಲ ಕುಡಿಯಿತೇ ಎಂಬುದೇ ಬೆಳೆ ಉಳಿಯುವ ಪ್ರಶ್ನೆ.

ಈ ಮಣ್ಣಿನ ಬಡತನ ಹೊಸದೇನಲ್ಲ. ಮೈಸೂರು ಸಂಸ್ಥಾನ 1899ರಲ್ಲೇ ಕೃಷಿ ರಸಾಯನ ತಜ್ಞರಾಗಿ ಡಾ. ಲೇಮನ್ ಅವರನ್ನು ಕರೆಸಿತು. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯಲ್ಲಿ ಪ್ರಯೋಗ ಶುರುವಾಯಿತು. ಮರಳು ಮಿಶ್ರಿತ ಕೆಂಪು ಮಣ್ಣು ಸಾರವನ್ನೂ ನೀರನ್ನೂ ಹೆಚ್ಚು ಹಿಡಿದಿಡದು ಎಂಬುದು ಒಕ್ಕಲಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ಅದಕ್ಕೇ ತಿಪ್ಪೆ ಗೊಬ್ಬರ, ಬೇಸಿಗೆಯಲ್ಲಿ ಕೆರೆಯಿಂದ ಹೊಡೆದ ಗೋಡು, ಹೊಲದಲ್ಲಿ ರಾತ್ರಿ ತಂಗಿಸುವ ಕುರಿಮಂದೆ, ಎಲ್ಲಕ್ಕಿಂತ ಹೆಚ್ಚಾಗಿ ಅಕ್ಕಡಿ ಸಾಲು, ಅಂದರೆ ರಾಗಿಯ ನಡುನಡುವೆ ಬೇರೆ ಬೆಳೆಯ ಸಾಲು.

ಅಕ್ಕಡಿ ಎಂದರೆ ನಾಲ್ಕು ಕಾಳು ಬೆರೆಸಿ ಎರಚುವುದಲ್ಲ, ಅದಕ್ಕೊಂದು ಲೆಕ್ಕವಿದೆ. ಸಾಲಿಗೆ ಬೀಜ ಬಿಡುವ ಕೂರಿಗೆಯಲ್ಲಿ ರಾಗಿ ಬೀಳುತ್ತಿದ್ದರೆ, ಹಿಂದೆ ಹಗ್ಗಕ್ಕೆ ಕಟ್ಟಿದ ಒಂಟಿ ಕೊಳವೆಯಲ್ಲಿ ಹೆಂಗಸರು ತೊಗರಿಯನ್ನೋ ಅವರೆಯನ್ನೋ ಬಿಡುತ್ತಾ ಬರುತ್ತಿದ್ದರು. ನಡುವೆ ಜೋಳ, ಹುಚ್ಚೆಳ್ಳು, ಅಂಚಿಗೆ ಹರಳು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಇದನ್ನೇ ಪ್ರಯೋಗಕ್ಕೆ ಒಡ್ಡಿ, 8 ಸಾಲು ರಾಗಿಗೆ 2 ಸಾಲು ತೊಗರಿ ಅಥವಾ 8 ಸಾಲಿಗೆ 1 ಸಾಲು ಅವರೆ ಎಂದು ಶಿಫಾರಸು ಮಾಡಿದೆ. ರಾಗಿಯ ಬೇರು ಮೇಲ್ಪದರದಲ್ಲಿ ಜೊಂಪೆಯಾಗಿ ಹರಡುತ್ತದೆ, ತೊಗರಿಯ ತಾಯಿಬೇರು ನೇಗಿಲು ಮುಟ್ಟದ ಆಳಕ್ಕೆ ಇಳಿದು ನೀರಿಗೆ ದಾರಿ ಮಾಡುತ್ತದೆ. ಕಾರ್ತಿಕದ ಹೊತ್ತಿಗೆ ರಾಗಿ ಕಟಾವಾದರೂ ತೊಗರಿ, ಅವರೆ ಇನ್ನೂ ಎರಡು ತಿಂಗಳು ನಿಂತಿದ್ದು ಎಲೆ ಉದುರಿಸುತ್ತವೆ. ನಾಲ್ಕು ತಿಂಗಳು ಮಾತ್ರ ಹಸಿರಿರುವ ಹೊಲ ಆರೇಳು ತಿಂಗಳು ಮುಚ್ಚಿಕೊಂಡಿರುತ್ತಿತ್ತು. ಇಂದು ರೀಜನರೇಟಿವ್ ಕೃಷಿ ಎಂದು ಕರೆಯುವುದರ ಮುಖ್ಯ ಸೂತ್ರಗಳು, ಅಂದರೆ ನೆಲ ಬರಿದಾಗಿರಬಾರದು, ಬೇರು ಸದಾ ಜೀವಂತವಿರಬೇಕು, ಬೆಳೆ ಹಲವಿರಬೇಕು ಎಂಬುವು, ಈ ಸಾಲುಗಳಲ್ಲೇ ಇದ್ದವು.

ಇದು ಒಂದೇ ಏಟಿಗೆ ಹೋಗಲಿಲ್ಲ. ಭಾರತದ ಮತ್ತು ಆಫ್ರಿಕಾದ ರಾಗಿಯನ್ನು ಸಂಕರ ಮಾಡಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಕೊಟ್ಟ ಇಂಡಾಫ್ ತಳಿಗಳು 1970ರ ದಶಕದಿಂದ ರಾಗಿಯ ಇಳುವರಿಯನ್ನು ಎತ್ತಿದವು. ಆ ಉಪಕಾರ ದೊಡ್ಡದು, ಅದನ್ನು ಮರೆತು ಹಳೆಯದೆಲ್ಲ ಚಿನ್ನ ಎನ್ನುವುದು ತಪ್ಪು. ಆದರೆ ತಳಿ, ಗೊಬ್ಬರ, ಬೇಸಾಯ ಮೂರೂ ರಾಗಿಯೊಂದನ್ನೇ ಬೆಳೆಯುವ ಲೆಕ್ಕದಲ್ಲಿ ಹೊಲಕ್ಕೆ ಬಂದವು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ಖುಷ್ಕಿ ಭೂಮಿಗೆ ನೀಲಗಿರಿ ನುಗ್ಗಿತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಟ್ರ್ಯಾಕ್ಟರ್ ಬಂದಲ್ಲಿ ರಾಗಿಯನ್ನು ಎರಚಿ, ಮೇಲೆ ರೋಟವೇಟರ್ ಎಳೆಯುವುದು ರೂಢಿಯಾಯಿತು. ಎರಚಿದ ಹೊಲದಲ್ಲಿ ಸಾಲಿಲ್ಲ, ಸಾಲಿಲ್ಲದಿದ್ದರೆ ಕುಂಟೆ ಹಾಯಿಸಲಾಗದು, ಕುಂಟೆಯಿಲ್ಲದಿದ್ದರೆ ಕಳೆಗೆ ಔಷಧಿಯೇ ಗತಿ. ಅಗಲ ಎಲೆಯ ಕಳೆ ಕೊಲ್ಲುವ 2,4-ಡಿ ತೊಗರಿ, ಅವರೆಯನ್ನೂ ಕೊಲ್ಲುತ್ತದೆ. ಅಲ್ಲಿಗೆ ಅಕ್ಕಡಿಯ ಕಥೆ ಮುಗಿಯಿತು. ರೈತ ಸೋಮಾರಿಯಾದ ಎನ್ನುವವರು ಈ ಸರಪಳಿಯ ಒಂದೊಂದು ಕೊಂಡಿಯನ್ನೂ ನೋಡಬೇಕು.

ಗೊಬ್ಬರದ ವಿಚಾರದಲ್ಲಿ ಬೆಂಗಳೂರಿನ ಒಣಬೇಸಾಯ ಕೇಂದ್ರದ ಪ್ರಯೋಗವೊಂದು ದಾರಿ ತೋರಿಸುತ್ತದೆ. 1978ರಲ್ಲಿ ಶುರುವಾದ ಆ ದೀರ್ಘಾವಧಿ ಪ್ರಯೋಗದಲ್ಲಿ ಏನೂ ಹಾಕದ ತಾಕು, ಬರೀ ರಾಸಾಯನಿಕ ಹಾಕಿದ ತಾಕು, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರ ಹಾಕಿದ ತಾಕು, ಎರಡನ್ನೂ ಸೇರಿಸಿದ ತಾಕು ಎಂದು ಪಕ್ಕಪಕ್ಕದಲ್ಲೇ ರಾಗಿ ಬೆಳೆಯುತ್ತ ಬಂದರು. ಬರೀ ರಾಸಾಯನಿಕದ ತಾಕಿನ ಇಳುವರಿ ವರ್ಷ ಕಳೆದಂತೆ ಕುಸಿಯಿತು. ಎರಡೂ ಸೇರಿದ ತಾಕು ಮುಂದೆಯೇ ಉಳಿಯಿತು. ರಾಸಾಯನಿಕವನ್ನು ಪೂರ್ತಿ ಬಿಡಲೇಬೇಕು ಎನ್ನುವವರಿಗೂ, ಅದೊಂದೇ ಸಾಕು ಎನ್ನುವವರಿಗೂ ಈ ಫಲಿತಾಂಶ ಪೂರ್ತಿ ಒಗ್ಗುವುದಿಲ್ಲ.

ಸರ್ಕಾರದ ಗಮನ ಮಣ್ಣಿನ ಕಡೆ ತಿರುಗಿದ್ದು ತಡವಾಗಿ. 2004ರಲ್ಲಿ ಸಾವಯವ ಕೃಷಿ ನೀತಿ ಬಂತು. 2009ರಲ್ಲಿ ಅಂತರರಾಷ್ಟ್ರೀಯ ಒಣಬೇಸಾಯ ಬೆಳೆಗಳ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ಆರಂಭವಾದ ಭೂಚೇತನ ಯೋಜನೆ, ನಮ್ಮ ಖುಷ್ಕಿ ಹೊಲಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿದೆ ಎಂದು ತೋರಿಸಿತು. 2015ರ ಮಣ್ಣು ಆರೋಗ್ಯ ಚೀಟಿ 12 ಅಂಶಗಳನ್ನು ಅಳೆಯುತ್ತದೆ. ಆದರೆ ಖುಷ್ಕಿಯಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ಎಂಬುದು ಅದು ಶುರುವಾದಾಗಿನ ಲೆಕ್ಕ. ಮೂರೆಕರೆಯ ರೈತನ ಚೀಟಿಯಲ್ಲಿರುವ ಮಣ್ಣು ಪಕ್ಕದವನದ್ದೂ ಆಗಿರಬಹುದು. ಮೇಲಾಗಿ ನೀರು ಎಷ್ಟು ಬೇಗ ಇಂಗುತ್ತದೆ, ಅಡಿಯಲ್ಲಿ ಗಟ್ಟಿ ಪದರವಿದೆಯೇ ಎಂಬುದು ಆ 12ರಲ್ಲಿ ಇಲ್ಲ.

ಅದೇ ಹೊತ್ತಿಗೆ ಸುಭಾಷ್ ಪಾಳೇಕರ್ ಅವರ ನೈಸರ್ಗಿಕ ಕೃಷಿ ರೈತ ಸಂಘದ ಶಿಬಿರಗಳ ಮೂಲಕ ಹಳ್ಳಿ ಹಳ್ಳಿಗೂ ಜೀವಾಮೃತವನ್ನು ತಲುಪಿಸಿತು. 200 ಲೀಟರ್ ನೀರು, 10 ಕೆಜಿ ಸಗಣಿ, 5ರಿಂದ 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು, ಗೋಣಿಚೀಲ ಮುಚ್ಚಿ, ದಿನಕ್ಕೆರಡು ಸಲ ತಿರುವಿ, 48 ಗಂಟೆಯ ನಂತರ ಎಕರೆಗೆ ಅಷ್ಟನ್ನೂ ಕೊಡಬೇಕು. ಡ್ರಮ್ಮಿಗೆ ಬಿಗಿಯಾಗಿ ಮುಚ್ಚಳ ಹಾಕಿದರೆ, ವಾರ ಮೀರಿ ಇಟ್ಟರೆ ಕೊಳೆತ ವಾಸನೆ ಬರುತ್ತದೆ. ಒಣ ನೆಲಕ್ಕೆ ನಡು ಮಧ್ಯಾಹ್ನ ಎರಚಿದರೆ ಸೂಕ್ಷ್ಮಜೀವಿಗಳು ಅಲ್ಲೇ ಸಾಯುತ್ತವೆ. ಇಷ್ಟು ಸರಿಯಾಗಿ ಮಾಡಿದರೂ ಒಂದು ಡ್ರಮ್ಮಿನಲ್ಲಿರುವ ಇಂಗಾಲ ಸುಮಾರು ಎರಡೂವರೆ ಕೆಜಿ, ಸಾರಜನಕ ಸುಮಾರು 200 ಗ್ರಾಂ. ಖುಷ್ಕಿ ರಾಗಿಗೆ ಎಕರೆಗೆ ಶಿಫಾರಸಾದ ಸಾರಜನಕವೇ 20 ಕೆಜಿ. ಹಾಗಾಗಿ ಜೀವಾಮೃತವನ್ನು ಹೆಪ್ಪು ಎಂದು ತಿಳಿಯುವುದು ಸರಿ. ಹೆಪ್ಪು ಹಾಕಲು ಹಾಲಿರಬೇಕಲ್ಲ, ಆ ಹಾಲು ಹೊಲದ ಸೊಪ್ಪು, ಹೊದಿಕೆ, ಬೇರು. ಅದಿಲ್ಲದ ಬರಿ ಹೊಲಕ್ಕೆ ಡ್ರಮ್ಮುಗಟ್ಟಲೆ ಸುರಿದು ನಿರಾಶರಾದವರು ಬಹಳ.

ಇನ್ನು ಹವಾಮಾನದ ಲೆಕ್ಕ. 2015ರ ಪ್ಯಾರಿಸ್ ಹವಾಮಾನ ಸಮಾವೇಶದ ವೇಳೆ, ಗಾಳಿಯಲ್ಲಿನ ಇಂಗಾಲ ತಗ್ಗಿಸಲು ಮಣ್ಣಿನ ಇಂಗಾಲವನ್ನು ವರ್ಷಕ್ಕೆ ಸಾವಿರಕ್ಕೆ ನಾಲ್ಕರಂತೆ ಹೆಚ್ಚಿಸೋಣ ಎಂಬ ಕರೆ ಬಂತು. ನಮ್ಮ ಹೊಲಕ್ಕೆ ಅದರ ಅರ್ಥವೇನು? ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆಜಿ. ಇಂಗಾಲ ಶೇ 0.5ಕ್ಕಿಂತ ಕಡಿಮೆಯಿದ್ದರೆ ಕೊರತೆ ಎಂದು ಲೆಕ್ಕ. ನಮ್ಮದು ಶೇ 0.4 ಇದ್ದರೆ 3,600 ಕೆಜಿ ಇಂಗಾಲ. ಸಾವಿರಕ್ಕೆ ನಾಲ್ಕು ಎಂದರೆ ವರ್ಷಕ್ಕೆ 14 ಕೆಜಿ. ಸುಲಭ ಅನಿಸುತ್ತದೆ. ಆದರೆ ಬಿಸಿಲು ನಾಡಿನ ಉತ್ತ ಹೊಲದಲ್ಲಿ ಇರುವ ಇಂಗಾಲದ ಶೇ 2ರಷ್ಟು ಕರಗಿದರೂ ವರ್ಷಕ್ಕೆ 70 ಕೆಜಿ ಗಾಳಿಗೆ ಹೋಗುತ್ತದೆ. ಶಿಫಾರಸಿನಂತೆ ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿದರೆ, ಅರ್ಧದಷ್ಟಿರುವ ತೇವವನ್ನು ಕಳೆದು, ಅದರಲ್ಲಿರುವ ಇಂಗಾಲ ಸುಮಾರು 400 ಕೆಜಿ. ಕೊಳೆತ ಮೇಲೆ ಐದರಲ್ಲೊಂದು ಪಾಲು ಉಳಿದರೆ 80 ಕೆಜಿ. ಅಂದರೆ ಆ 3 ಟನ್ ಗೊಬ್ಬರ ಮಣ್ಣನ್ನು ಇದ್ದಲ್ಲೇ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಶೇ 0.1 ಏರಿಸಲು ಬೇಕಾದ 900 ಕೆಜಿ ಬೇರು, ಕೂಳೆ, ಉದುರೆಲೆಯಿಂದ ಹತ್ತಾರು ವರ್ಷಗಳಲ್ಲಿ ಬರಬೇಕು. ಇಂಗಾಲ ಮಣ್ಣಲ್ಲಿ ಹಿಡಿದಿಟ್ಟದ್ದಕ್ಕೆ ಮೂರೇ ವರ್ಷದಲ್ಲಿ ಕಾರ್ಬನ್ ಕ್ರೆಡಿಟ್ ಹಣ ಕೊಡಿಸುತ್ತೇವೆ ಎಂದು ಬರುವವರಿಗೆ ಈ ಲೆಕ್ಕ ಹಾಕಿ ತೋರಿಸಿ.

ಗೊಬ್ಬರವಾದರೂ ಎಲ್ಲಿದೆ? ಒಂದು ಹಸುವಿನ ವರ್ಷದ ಸಗಣಿ ಕೊಳೆತ ಮೇಲೆ ಎರಡು, ಎರಡೂವರೆ ಟನ್. ಅದು ಹಿಪ್ಪುನೇರಳೆಗೆ, ಟೊಮೆಟೊಗೆ, ದ್ರಾಕ್ಷಿಗೆ ಹೋಗುತ್ತದೆ. ನೀರಾವರಿ ಹಿಪ್ಪುನೇರಳೆಯೊಂದೇ ವರ್ಷಕ್ಕೆ ಎಕರೆಗೆ 8 ಟನ್ ಕೇಳುತ್ತದೆ. ರಾಗಿ ಹುಲ್ಲು ಹಸುವಿನ ಹೊಟ್ಟೆಗೆ ಹೋಗಿ, ಸಗಣಿಯಾಗಿ ಬೋರ್‌ವೆಲ್ ತೋಟ ಸೇರುತ್ತದೆ. ಖುಷ್ಕಿ ಹೊಲದ ಸಾರ ಹೀಗೆ ತೋಟಕ್ಕೆ ವಲಸೆ ಹೋಗುತ್ತಿದೆ. ಕೆರೆಗೋಡು ಕೂಡ ಮೊದಲಿನಂತೆ ಸಿಗದು. 2018ರಿಂದ ಕೋರಮಂಗಲ-ಚಲ್ಲಘಟ್ಟ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ತುಂಬಿದ ಕೋಲಾರದ ಕೆರೆಗಳಲ್ಲಿ ಅಗೆಯಲು ಒಣ ಅಂಗಳವಿಲ್ಲ. ಸಿಕ್ಕರೂ ಭಾರಲೋಹದ ಪರೀಕ್ಷೆಯಿಲ್ಲದೆ ಹೊಲಕ್ಕೆ ಹೊಡೆಯಬಾರದು.

ಆದ್ದರಿಂದ ನಮ್ಮ ಖಚಿತ ಅಭಿಪ್ರಾಯ, ಹೊದಿಕೆ ಮೊದಲು, ಇಂಗಾಲ ಆಮೇಲೆ. ಇಂಗಾಲ ಮಣ್ಣಿನ ತೂಕದ ಶೇ 1ರಷ್ಟು ಹೆಚ್ಚಿದರೂ ಅರ್ಧ ಅಡಿ ಮಣ್ಣು ಹೆಚ್ಚುವರಿಯಾಗಿ ಹಿಡಿಯುವ ನೀರು ಎರಡು ಮಿಲಿಮೀಟರಿಗೂ ಕಡಿಮೆ ಎಂದು ಅಧ್ಯಯನಗಳು ಹೇಳುತ್ತವೆ. ಆದರೆ 50 ಮಿ.ಮೀ. ಮಳೆಯಲ್ಲಿ 15 ಮಿ.ಮೀ. ಹರಿದುಹೋದರೆ ಎಕರೆಗೆ 60 ಸಾವಿರ ಲೀಟರ್ ನಷ್ಟ. ಹನಿಯ ಏಟನ್ನು ಎಲೆ ತಡೆದರೆ ಆ ನೀರಿನ ಬಹುಪಾಲು ಅದೇ ವರ್ಷ ಉಳಿಯುತ್ತದೆ, ಹತ್ತು ವರ್ಷ ಕಾಯಬೇಕಿಲ್ಲ.

ಕೃತ್ತಿಕೆ, ರೋಹಿಣಿ ಮಳೆಗೆ ಎಕರೆಗೆ 10ರಿಂದ 15 ಕೆಜಿ ಹಸಿರು ಗೊಬ್ಬರದ ಸೆಣಬು ಬಿತ್ತಿ, ಹೂ ಮೂಡುವ ಹೊತ್ತಿಗೆ, ಸುಮಾರು 45 ದಿನಕ್ಕೆ ಮಣ್ಣಿಗೆ ಸೇರಿಸಿದರೆ ಆಗಸ್ಟ್ ಮೊದಲಲ್ಲಿ ಜಿಪಿಯು-28 ತಳಿಯ ರಾಗಿ ಬಿತ್ತಬಹುದು. ತಡಮಾಡಿದರೆ ಕಾಂಡದಲ್ಲಿ ನಾರು ಬಲಿತು, ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ರಾಗಿ ಹಳದಿಯಾಗುತ್ತದೆ. ಸೇರಿಸಿದ ಮೇಲೆ ಎರಡು ವಾರ ತೇವ ಬೇಕು. ಮುಂಗಾರು ಕೈಕೊಟ್ಟರೆ ಮಗುಚದೆ, ಕುಯ್ದು ನೆಲದ ಮೇಲೆಯೇ ಹಾಸಿ. ತೊಗರಿ ಅಕ್ಕಡಿ ಇಡುವ ತಾಕಿಗೆ ಈ ಕ್ರಮ ಹೊಂದುವುದಿಲ್ಲ, ತೊಗರಿ ಜುಲೈ ದಾಟಬಾರದು. ಅರ್ಧ ಹೊಲಕ್ಕೆ ಸೆಣಬು, ಅರ್ಧಕ್ಕೆ ತೊಗರಿ ಅಕ್ಕಡಿ, ಮರುವರ್ಷ ಅದಲುಬದಲು.

ನೀಲಗಿರಿ ತೆಗೆದ ಹೊಲಕ್ಕೆ ಬೇರೆಯೇ ಎಚ್ಚರ ಬೇಕು. 2017ರಲ್ಲಿ ಹೊಸದಾಗಿ ನೆಡುವುದನ್ನು ಸರ್ಕಾರ ನಿಷೇಧಿಸಿದ ಮೇಲೆ ಬುಡ ಕೀಳಿಸುವವರು ಹೆಚ್ಚಿದ್ದಾರೆ. ಜೆಸಿಬಿ ಬುಡದ ಜೊತೆ ಅಡಿಮಣ್ಣನ್ನೂ ಮೇಲೆ ತಂದು ಹರಡಿದರೆ ಎರಡು ಮೂರು ವರ್ಷ ಏನೂ ಏಳುವುದಿಲ್ಲ. ಮೊದಲು ಮೇಲ್ಮಣ್ಣನ್ನು ಬದಿಗೆ ಕೆರೆಸಿ, ಬುಡ ಕಿತ್ತು, ಗುಂಡಿ ಮುಚ್ಚಿ, ಆಮೇಲೆ ಅದನ್ನೇ ಮೇಲೆ ಹರಡಿಸಿ. ಮೊದಲ ಬೆಳೆ ಹುರುಳಿಯೇ ಇರಲಿ.

ಬದುವಿಗೆ ಗ್ಲಿರಿಸಿಡಿಯಾ, ಅಂದರೆ ಗೊಬ್ಬರದ ಗಿಡ. ಹೆಬ್ಬೆರಳು ದಪ್ಪದ, ಮೂರಡಿ ಉದ್ದದ ಬಲಿತ ಗೂಟವನ್ನು ಬುಡಕ್ಕೆ ಓರೆಯಾಗಿ ಕತ್ತರಿಸಿ, ಮಳೆ ಹಿಡಿದ ಮೇಲೆ ಒಂದಡಿ ಆಳಕ್ಕೆ, ಎರಡು ಮೂರು ಅಡಿಗೊಂದರಂತೆ ನೆಡಿ. ಎರಡನೇ ವರ್ಷದವರೆಗೆ ಕತ್ತಿ ಹಾಕಬೇಡಿ. ಆಮೇಲೆ ವರ್ಷಕ್ಕೆರಡು ಸಲ ಸವರಬಹುದು. ಒಂದು ಟನ್ ಹಸಿ ಸೊಪ್ಪಿನಲ್ಲಿ ಆರೇಳು ಕೆಜಿ ಸಾರಜನಕ ಇರುತ್ತದೆ. ಬಿತ್ತುವ ಮುನ್ನ ಸವರಿದ್ದನ್ನು ಮಣ್ಣಿಗೆ ಸೇರಿಸಿ. ಹಿಂಗಾರಿನಲ್ಲಿ ಸವರಿದ್ದನ್ನು ತೊಗರಿ ಸಾಲಿನ ಪಕ್ಕ, ರಾಗಿ ಕೊಯ್ದು ಬರಿದಾದ ಜಾಗದಲ್ಲಿ ಹಾಸಿ.