ಡೈರೆಕ್ಟರಿಗೆ ವೆಬ್‌ಸೈಟ್ ಕಳಿಸುವ ಮುನ್ನ

ವೆಬ್ ಡೈರೆಕ್ಟರಿ ಅಂದರೆ ವೆಬ್‌ಸೈಟುಗಳನ್ನು ವಿಭಾಗವಾರು ಜೋಡಿಸಿಟ್ಟ ಪಟ್ಟಿ. ಮನುಷ್ಯರೇ ಓದಿ ನೋಡಿ ಸೇರಿಸುವ ಅಂಥ ಡೈರೆಕ್ಟರಿಗೆ ಅರ್ಜಿ ಹಾಕುವಾಗ ಎಡವುವುದು ಬಹುತೇಕ ವಿಭಾಗದ ಆಯ್ಕೆಯಲ್ಲೇ. ಮುಂಬಯಿಯ ಮಾಟುಂಗಾದಲ್ಲಿ ಒಂದು ಉಡುಪಿ ಹೋಟೆಲ್ ಇದೆ ಎಂದುಕೊಳ್ಳಿ. ಆಹಾರ ಎಂಬ ದೊಡ್ಡ ವಿಭಾಗಕ್ಕೆ ಕಳಿಸಿದರೆ ಅಲ್ಲಿಯ ಸಂಪಾದಕರಿಗೆ ಅದು ಬೇಡ. ಊರಿನ ಗಿರಾಕಿಗಳನ್ನೇ ನಂಬಿದ ವ್ಯಾಪಾರಕ್ಕೆ ಪ್ರಾದೇಶಿಕ ವಿಭಾಗವೇ ಸರಿ: ಏಷ್ಯಾ, ಭಾರತ, ಮಹಾರಾಷ್ಟ್ರ, ಮುಂಬಯಿ ಎಂದು ಇಳಿಯುತ್ತ ಹೋಗಿ, ಸಿಕ್ಕ ಕೊನೆಯ ಮೆಟ್ಟಿಲಲ್ಲಿ ನಿಂತು ಅರ್ಜಿ ತುಂಬಬೇಕು. ಭಾಷೆಯೂ ಮುಖ್ಯ. ಸೈಟಿನ ಬರಹ ಯಾವ ಭಾಷೆಯಲ್ಲಿದೆಯೋ ಸೈಟು ಆ ಭಾಷೆಯ ಕೊಂಬೆಗೆ ಸೇರುತ್ತದೆ. ಒಂದು ಕನ್ನಡ ಸಂಘದ ಸೈಟು ಪೂರ್ತಿ ಕನ್ನಡದಲ್ಲಿದ್ದರೆ ಇಂಗ್ಲಿಷ್ ವಿಭಾಗದಲ್ಲಿ ಕಾಯುತ್ತ ಕೂರುವುದು ವ್ಯರ್ಥ.

ಈ ರೂಢಿಗಳೆಲ್ಲ ಡಿಮೋಜ್ ಎಂಬ ಡೈರೆಕ್ಟರಿಯ ಕಾಲದವು. 1998ರಲ್ಲಿ ಹುಟ್ಟಿದ ಆ ಡೈರೆಕ್ಟರಿ 2017ರ ಮಾರ್ಚ್‌ನಲ್ಲಿ ಮುಚ್ಚಿತು. ಅದರ ಕೆಲಸವನ್ನು ಈಗ ಕರ್ಲಿ ಎಂಬ ಡೈರೆಕ್ಟರಿ ಮುಂದುವರಿಸಿದೆ. ಸಂಪಾದಕರು ಸ್ವಯಂಸೇವಕರು, ಶುಲ್ಕವಿಲ್ಲ. ಯಾಹೂ ಡೈರೆಕ್ಟರಿ ವ್ಯಾಪಾರಿ ಸೈಟುಗಳಿಂದ ವರ್ಷಕ್ಕೆ 299 ಡಾಲರ್ ವಸೂಲು ಮಾಡುತ್ತಿತ್ತು. ಅದೂ 2014ರ ಕೊನೆಗೆ ನಿಂತಿತು.

ಅರ್ಜಿಯಲ್ಲಿ ಶೀರ್ಷಿಕೆ ಅಂದರೆ ಸಂಸ್ಥೆಯ ಹೆಸರು, ಅಷ್ಟೇ. ಹಿಂದೆ ಮುಂದೆ ‘ಬೆಸ್ಟ್’, ‘ನಂಬರ್ ಒನ್’ ಬೇಡ. ವಿವರಣೆಯಲ್ಲಿ ಎಲ್ಲರೂ ಜಾಹೀರಾತಿಗೆ ಇಳಿಯುತ್ತಾರೆ. “ಮುಂಬಯಿಯ ಅತ್ಯುತ್ತಮ ರುಚಿ, ನಮ್ಮಲ್ಲಿಗೆ ಒಮ್ಮೆ ಬನ್ನಿ!” ಎಂದು ಬರೆದರೆ ಸಂಪಾದಕರು ಪೂರ್ತಿ ತಿದ್ದಿ ಬರೆಯಬೇಕು, ಬಿಡುವಿನ ವೇಳೆಯಲ್ಲಿ ದುಡಿಯುವವರು ಅಂಥದ್ದನ್ನು ಪಕ್ಕಕ್ಕಿಟ್ಟು ತಯಾರಾಗಿರುವುದನ್ನು ಎತ್ತಿಕೊಂಡರೆ ಆಶ್ಚರ್ಯವಿಲ್ಲ. “ಮಾಟುಂಗಾದ ಉಡುಪಿ ಹೋಟೆಲ್. ತಿಂಡಿ ಊಟದ ಪಟ್ಟಿ, ಬೆಲೆ, ತೆರೆದಿರುವ ವೇಳೆ, ಬರುವ ದಾರಿ.” ಇಷ್ಟು ಸಾಕು. ಹೋಟೆಲನ್ನು ಹೊಗಳುವುದಲ್ಲ, ಸೈಟಿನಲ್ಲಿ ಏನು ಸಿಗುತ್ತದೆ ಎಂದು ಹೇಳುವುದು. ‘ನಾವು’, ‘ನಮ್ಮ’ ಬರಕೂಡದು. 25–30 ಪದ ದಾಟಿದರೆ ಕತ್ತರಿ ಬೀಳುತ್ತದೆ.

ಕಳಿಸುವ ಮೊದಲು ಸೈಟನ್ನು ಹೊರಗಿನವರಂತೆ ಮೊಬೈಲಿನಲ್ಲಿ ತೆರೆದು ನೋಡಿ. ‘ಶೀಘ್ರದಲ್ಲೇ’ ಎಂದಿರುವ ಖಾಲಿ ಪುಟ, ಮುರಿದ ಲಿಂಕ್, ಬೇರೆ ಸೈಟಿಗೆ ತಳ್ಳುವ ವಿಳಾಸ, ಇನ್ನೊಂದು ಕಡೆಯಿಂದ ಎತ್ತಿಟ್ಟ ಬರಹ, ಇವೆಲ್ಲ ತಿರಸ್ಕಾರಕ್ಕೆ ಸಾಕು. ವಿಳಾಸ, ಫೋನ್ ಇಲ್ಲದ ಅಂಗಡಿ ಸೈಟನ್ನು ನಂಬುವುದಾದರೂ ಹೇಗೆ? ಫೋಟೋಗಳಲ್ಲೇ ಮೆನು ಹಾಕಿ ಅಕ್ಷರ ಒಂದೂ ಇಡದಿದ್ದರೆ ಸಂಪಾದಕರಿಗೆ ಓದಲು ಏನೂ ಉಳಿಯುವುದಿಲ್ಲ.

ಕಳಿಸಿದ ಮೇಲೆ ಸುಮ್ಮನಿರಿ. ಇಷ್ಟು ದಿನದಲ್ಲಿ ಸೇರುತ್ತದೆ ಎಂಬ ಮಾತು ಇಲ್ಲಿಲ್ಲ. ಅದೇ ಸೈಟನ್ನು ನಾಲ್ಕು ವಿಭಾಗಕ್ಕೆ ಪದೇ ಪದೇ ಕಳಿಸಿದರೆ ಸ್ಪ್ಯಾಮ್ ಎನ್ನಿಸಿಕೊಳ್ಳುತ್ತದೆ. “ನೂರಾರು ಡೈರೆಕ್ಟರಿಗೆ ಸೇರಿಸುತ್ತೇವೆ” ಎಂಬ ಏಜೆಂಟರಿಗೆ ದುಡ್ಡು ಕೊಡಬೇಡಿ. ಕಳಪೆ ಡೈರೆಕ್ಟರಿ ಲಿಂಕುಗಳನ್ನು ಗೂಗಲ್ ತನ್ನ ನಿಯಮದಲ್ಲೇ ಲಿಂಕ್ ಸ್ಪ್ಯಾಮ್ (ಹುಡುಕಾಟದಲ್ಲಿ ಮೇಲೆ ಬರಲೆಂದೇ ಹಾಕಿಸುವ ಲಿಂಕು) ಎಂದು ಕರೆದಿದೆ. ಮುಂದೆ ಡೊಮೇನ್, ಅಂದರೆ ಸೈಟಿನ ವೆಬ್ ವಿಳಾಸ, ಬದಲಾದರೆ ಹೊಸ ಅರ್ಜಿ ಹಾಕುವ ಬದಲು, ಇರುವ ನಮೂದನ್ನು ತಿದ್ದಿಸುವ ಕೋರಿಕೆ ಕಳಿಸಿ.