ಜೋಡಿ ರನ್‌ವೇಗೆ ಇಳಿಯುವಾಗ ಕಣ್ಣಿಡಬೇಕಾದ್ದು ತಿರುವಿನ ಮೇಲೆ

ಬಜ್ಪೆ ವಿಮಾನ ನಿಲ್ದಾಣದಲ್ಲಿ ಎರಡು ರನ್‌ವೇ ಇದ್ದರೂ ಒಂದೇ ಹೊತ್ತಿಗೆ ಎರಡು ವಿಮಾನ ಯಾಕೆ ಇಳಿಯುವುದಿಲ್ಲ ಎಂದು ಮಂಗಳೂರಿನವರು ಕೇಳುವುದುಂಟು. ಉತ್ತರ ರನ್‌ವೇಯ ಹೆಸರಿನಲ್ಲೇ ಇದೆ. 1,615 ಮೀಟರಿನ ಹಳೆಯದು 09/27, 2006ರಲ್ಲಿ ಬಳಕೆಗೆ ಬಂದ 2,450 ಮೀಟರಿನ ಹೊಸದು 06/24. ದಿಕ್ಸೂಚಿಯ ಡಿಗ್ರಿಯಲ್ಲಿ ಕೊನೆಯ ಸೊನ್ನೆ ಬಿಟ್ಟರೆ ಈ ಅಂಕಿ ಸಿಗುತ್ತದೆ. ಅಂದರೆ ಒಂದು ಸುಮಾರು 90 ಡಿಗ್ರಿಗೆ, ಇನ್ನೊಂದು 60 ಡಿಗ್ರಿಗೆ ಮುಖ ಮಾಡಿದೆ. ಗೆರೆ ಎಳೆಯುತ್ತಾ ಹೋದರೆ ಎರಡೂ ಒಂದು ಕಡೆ ಕೂಡುತ್ತವೆ. ಹಾಗಾಗಿ ಇಲ್ಲಿ ವಿಮಾನಗಳು ಒಂದರ ಹಿಂದೆ ಒಂದು ಸಾಲಾಗಿ ಬರಬೇಕು. ನಿಜವಾದ ಸಮಾನಾಂತರ ರನ್‌ವೇ ನಮ್ಮವರಿಗೆ ಎದುರಾಗುವುದು ಇಲ್ಲಿಂದ ಹತ್ತಿ ಬೆಂಗಳೂರಿನಲ್ಲೋ ದುಬೈಯಲ್ಲೋ ಇಳಿಯುವಾಗ.

ಜೋಡಿ ರನ್‌ವೇಯ ಮಾತು ಬಂದರೆ ಎಲ್ಲರೂ ಕೇಳುವುದು ಅವುಗಳ ನಡುವೆ ಎಷ್ಟು ಜಾಗ ಇದೆ ಎಂದು. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ರನ್‌ವೇ ಇನ್ನೂ ಹತ್ತು ಹದಿನೈದು ನಾಟಿಕಲ್ ಮೈಲಿ ದೂರ ಇರುವಾಗ ಎರಡೂ ವಿಮಾನಗಳು ರನ್‌ವೇಯ ನೇರಕ್ಕೆ ಬರುವ ತಮ್ಮ ತಮ್ಮ ಗೆರೆಗೆ ಹೇಗೆ ತಿರುಗಿದವು? ಎರಡು ವಿಮಾನ ಹತ್ತಿರವಾಗುವ ಅಪಾಯ ಹೆಚ್ಚಿರುವುದು ಅಲ್ಲಿ.

ನಿಲ್ದಾಣದ ಸುತ್ತಿನ ಆಕಾಶದಲ್ಲಿ, ರಾಡಾರ್ ಚೆನ್ನಾಗಿದ್ದರೆ, ಎರಡು ವಿಮಾನಗಳ ನಡುವೆ ಅಡ್ಡಕ್ಕೆ 3 ನಾಟಿಕಲ್ ಮೈಲಿ (ಸುಮಾರು 5.6 ಕಿಲೋಮೀಟರ್) ಅಥವಾ ಎತ್ತರದಲ್ಲಿ 1,000 ಅಡಿ ಇರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ಪಕ್ಕಪಕ್ಕದ ರನ್‌ವೇಗೆ ಜೊತೆಯಾಗಿ ಇಳಿಯುವಾಗ ಕೊನೆಗೆ ಎರಡೂ ಇರುವುದಿಲ್ಲ. ಅವುಗಳ ಜಾಗವನ್ನು ತುಂಬುವುದು ಐಎಲ್‌ಎಸ್‌ನ (ರೇಡಿಯೊ ಸಂಕೇತದಿಂದ ಇಳಿಯುವ ದಾರಿ ತೋರಿಸುವ ವ್ಯವಸ್ಥೆ) ಲೋಕಲೈಸರ್ ಗೆರೆ, ಅಂದರೆ ರನ್‌ವೇಯ ನೇರ ತೋರಿಸುವ ಗೆರೆ, ಮತ್ತು ಆ ಗೆರೆಯ ಮೇಲೆ ಕಣ್ಣಿಟ್ಟು ಕೂತ ಕಂಟ್ರೋಲರ್. ಆದ್ದರಿಂದ ನಿಯಮ ಕಟ್ಟುನಿಟ್ಟು: ಎರಡೂ ವಿಮಾನಗಳು ಲೋಕಲೈಸರ್ ಗೆರೆಯಲ್ಲಿ ಸರಿಯಾಗಿ ಕೂರುವ ತನಕ 1,000 ಅಡಿ ಇಲ್ಲವೇ 3 ಮೈಲಿ ಬಿಟ್ಟುಕೊಡುವಂತಿಲ್ಲ.

ಇದು ನಡೆಯುವ ಬಗೆ ಹೀಗೆ. ಒಂದನ್ನು ರನ್‌ವೇ ಮಟ್ಟದಿಂದ 4,000 ಅಡಿಯಲ್ಲಿ, ಇನ್ನೊಂದನ್ನು 3,000 ಅಡಿಯಲ್ಲಿ ಗೆರೆಯ ಕಡೆ ತಿರುಗಿಸುತ್ತಾರೆ. ಮೂರು ಡಿಗ್ರಿ ಗ್ಲೈಡ್ ಸ್ಲೋಪ್‌ನಲ್ಲಿ (ಐಎಲ್‌ಎಸ್ ತೋರಿಸುವ ಇಳಿಜಾರು ದಾರಿ) ಒಂದು ನಾಟಿಕಲ್ ಮೈಲಿಗೆ ಸುಮಾರು 318 ಅಡಿ ಇಳಿತ. ಲೆಕ್ಕ ಹಾಕಿದರೆ ಮೇಲಿನದು 12.6 ಮೈಲಿಯಲ್ಲಿ ಇಳಿಯತೊಡಗುತ್ತದೆ, ಕೆಳಗಿನದು 9.4 ಮೈಲಿಯಲ್ಲಿ. ಇಬ್ಬರೂ ಜೊತೆಜೊತೆಗೆ ಬರುತ್ತಿದ್ದರೆ, ಮೇಲಿನವರು ಇಳಿಯತೊಡಗಿದ ಕ್ಷಣದಿಂದಲೇ ಸಾವಿರ ಅಡಿ ಕರಗಲು ಶುರು. ಅಷ್ಟರೊಳಗೆ ಕೆಳಗಿನವರೂ ಗೆರೆ ಹಿಡಿದಿರಬೇಕು. ಅದಕ್ಕೇ ಗೆರೆಗೆ ತಿರುಗುವ ಕೋನ 30 ಡಿಗ್ರಿ ಮೀರಬಾರದು. ತಿರುಗುವ ಮುಂಚೆ ಕನಿಷ್ಠ ಒಂದು ಮೈಲಿ ನೇರ, ಮಟ್ಟಸವಾದ ಹಾರಾಟ ಇರಬೇಕು. ಗೆರೆ ಹಿಡಿದ ಮೇಲೂ ಗ್ಲೈಡ್ ಸ್ಲೋಪ್ ಸಿಗುವ ಮೊದಲು ಎರಡು ಮೈಲಿ ಅದೇ ಎತ್ತರದಲ್ಲಿ ಸಾಗಲು ಜಾಗ ಕೊಡಬೇಕು. ದಟ್ಟಣೆ ಹೆಚ್ಚಾದಾಗ ಮೊದಲು ಕತ್ತರಿ ಬೀಳುವುದು ಈ ಎರಡು ಮೈಲಿಗೆ. ಅದು ತಪ್ಪು.

ತಿರುವು ಹದ ತಪ್ಪುವುದು ಹಲವು ಕಾರಣಕ್ಕೆ. ಹಿಂದಿನಿಂದ ಬೀಸುವ ಗಾಳಿ ವಿಮಾನವನ್ನು ಗೆರೆ ದಾಟಿಸಿಬಿಡುತ್ತದೆ. ವೇಗ ಇಳಿಸಿರುವುದಿಲ್ಲ, ತಿರುವಿನ ಸುತ್ತಳತೆ ದೊಡ್ಡದಾಗುತ್ತದೆ. ಗೆರೆಯನ್ನು ತಾನಾಗಿ ಹಿಡಿಯುವ ಅಪ್ರೋಚ್ ಮೋಡ್ ಗುಂಡಿ ಒತ್ತಲು ಮರೆತಿದ್ದರೆ ಆಟೊಪೈಲಟ್ ಕೊಟ್ಟ ಹೆಡಿಂಗ್‌ನಲ್ಲೇ (ಮೂತಿಯ ದಿಕ್ಕು) ಗೆರೆ ದಾಟಿ ಮುಂದೆ ಹೋಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಎಡ ರನ್‌ವೇ ಬದಲು ಬಲ ರನ್‌ವೇಯ ಐಎಲ್‌ಎಸ್ ಹಾಕಿಕೊಳ್ಳುವುದು. ಆಗ ಕಾಕ್‌ಪಿಟ್‌ನಲ್ಲಿ ಸೂಜಿಗಳೆಲ್ಲ ಸರಿಯಾಗಿ ನಡುವೆ ನಿಂತಿರುತ್ತವೆ, ವಿಮಾನ ಮಾತ್ರ ಪಕ್ಕದವರ ದಾರಿಯಲ್ಲಿರುತ್ತದೆ. ಕೊನೆಯ ಕ್ಷಣಕ್ಕೆ ರನ್‌ವೇ ಬದಲಾಯಿತು ಎಂದಾಗ ಇಬ್ಬರೂ ಪೈಲಟ್‌ಗಳು ಫ್ರೀಕ್ವೆನ್ಸಿ ಮತ್ತು ಗುರುತಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ತಾಳೆ ನೋಡಲೇಬೇಕು.

ಈಗ ಜಾಗದ ಲೆಕ್ಕಕ್ಕೆ ಬರೋಣ. ಪರಸ್ಪರ ಸಂಬಂಧವಿಲ್ಲದೆ, ಸ್ವತಂತ್ರವಾಗಿ ಎರಡು ಸಾಲು ಇಳಿಸಬೇಕಾದರೆ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಪ್ರಕಾರ ರನ್‌ವೇ ನಡುಗೆರೆಗಳ ಅಂತರ ಕನಿಷ್ಠ 1,035 ಮೀಟರ್. ಹಂಪನಕಟ್ಟೆಯಿಂದ ಪಿವಿಎಸ್‌ ಕಡೆಗೆ ನಡೆದೇ ಹೋಗಿಬಿಡುವಷ್ಟು ದೂರ. ಅಂತರ 1,310 ಮೀಟರಿಗಿಂತ ಕಡಿಮೆ ಇದ್ದರೆ ಚಿತ್ರವನ್ನು ಬೇಗ ಬೇಗ ಹೊಸದಾಗಿಸುವ ನಿಖರ ಕಣ್ಗಾವಲು ಉಪಕರಣವೂ ಬೇಕು. ನಟ್ಟನಡುವೆ ಕನಿಷ್ಠ 610 ಮೀಟರ್ ಅಗಲದ ಪಟ್ಟಿ ಯಾರೂ ಕಾಲಿಡಬಾರದ ವಲಯ. ಉಳಿದದ್ದು ಎರಡೂ ಬದಿಗೆ ತಲಾ 212 ಮೀಟರ್ ಮಾತ್ರ. 140 ನಾಟ್ ವೇಗದ ವಿಮಾನ ಸೆಕೆಂಡಿಗೆ 72 ಮೀಟರ್ ಸಾಗುತ್ತದೆ. ಅದು 30 ಡಿಗ್ರಿ ಒಳಕ್ಕೆ ಹೊರಳಿದರೆ ಅಡ್ಡಕ್ಕೆ ಸೆಕೆಂಡಿಗೆ 36 ಮೀಟರ್. ನಿಷೇಧಿತ ಪಟ್ಟಿಯ ಅಂಚು 6 ಸೆಕೆಂಡ್‌ನಲ್ಲಿ ಬರುತ್ತದೆ, ಪಕ್ಕದ ಗೆರೆ 29 ಸೆಕೆಂಡ್‌ನಲ್ಲಿ. ಕಂಟ್ರೋಲರ್ ಕಂಡು, ಹೇಳಿ, ಪೈಲಟ್ ಕೇಳಿ, ವಿಮಾನ ವಾಲುವಷ್ಟೂ ಈ ಹೊತ್ತಿನೊಳಗೇ ಆಗಬೇಕು.

ಹೊರಳಿದ ವಿಮಾನಕ್ಕೆ ಮೊದಲು ಗೆರೆಗೆ ಮರಳಲು ಹೇಳುತ್ತಾರೆ. ಪಟ್ಟಿಯೊಳಗೆ ನುಗ್ಗಿದರೆ ಪಕ್ಕಕ್ಕೆ ಸರಿಯಬೇಕಾದವರು ತಪ್ಪೇ ಮಾಡದವರು: "ಟ್ರಾಫಿಕ್ ಅಲರ್ಟ್, ಟರ್ನ್ ಲೆಫ್ಟ್ ಇಮಿಡಿಯೆಟ್ಲಿ, ಹೆಡಿಂಗ್ 045, ಕ್ಲೈಂಬ್." ಇದು ಅನ್ಯಾಯವಲ್ಲ. ದಾರಿ ತಪ್ಪಿದವರು ಬೇರೆ ಫ್ರೀಕ್ವೆನ್ಸಿಯಲ್ಲಿರಬಹುದು, ಉಪಕರಣ ಕೆಟ್ಟಿರಬಹುದು, ಹೇಳಿದ್ದು ಕೇಳಿಸದೆಯೂ ಇರಬಹುದು. ಕೇಳಿಸಿಕೊಳ್ಳುತ್ತಿರುವವರನ್ನು ದೂರ ಸರಿಸುವುದೇ ಖಾತ್ರಿ ದಾರಿ. ಇದನ್ನು ಪೈಲಟ್ ಆಟೊಪೈಲಟ್ ತೆಗೆದು ಕೈಯಲ್ಲೇ ಹಾರಿಸಬೇಕು. ಇಳಿಯುವುದನ್ನು ಕೈಬಿಟ್ಟು ಮೇಲೇರಿಸುವ ಗೋ-ಅರೌಂಡ್ ಗುಂಡಿ ಒತ್ತಿದರೆ ವಿಮಾನ ಮೇಲೇರುತ್ತದೆ ನಿಜ, ಆದರೆ ಮೂತಿ ಅದೇ ದಿಕ್ಕಿಗೆ. ಇಲ್ಲಿ ಮೊದಲು ಬೇಕಾದ್ದು ತಿರುವು. ಅದೇ ಹೊತ್ತಿಗೆ ವಿಮಾನದಲ್ಲೇ ಇರುವ ಡಿಕ್ಕಿ ತಪ್ಪಿಸುವ ಸಾಧನ ಟಿಕಾಸ್ ಏರು ಅಥವಾ ಇಳಿ ಎಂದರೆ ಎತ್ತರದ ವಿಷಯದಲ್ಲಿ ಟಿಕಾಸ್ ಮಾತು, ತಿರುವಿನ ವಿಷಯದಲ್ಲಿ ಕಂಟ್ರೋಲರ್ ಮಾತು.

ಅಂತರ 915 ಮೀಟರಿಗೆ ಇಳಿದರೆ ಸ್ವಾತಂತ್ರ್ಯ ಹೋಗುತ್ತದೆ: ಪಕ್ಕದ ಸಾಲಿನ ವಿಮಾನದಿಂದ ಓರೆಯಾಗಿ 2 ಮೈಲಿ, ತನ್ನ ಸಾಲಿನದರಿಂದ 3 ಮೈಲಿ. 760 ಮೀಟರಿಗಿಂತ ಹತ್ತಿರವಾದರೆ ರೆಕ್ಕೆತುದಿಯ ಸುಳಿಗಾಳಿಯ ಮಟ್ಟಿಗೆ ಎರಡನ್ನೂ ಒಂದೇ ರನ್‌ವೇ ಎಂದು ಎಣಿಸಬೇಕು. ದುಬೈಯ ಎರಡು ರನ್‌ವೇಗಳ ನಡುವೆ ಇರುವುದು 385 ಮೀಟರ್. ಬಜ್ಪೆಯಿಂದ ಹೋಗುವ 737 ಮಧ್ಯಮ ವರ್ಗದ್ದು. ಅಂತರರಾಷ್ಟ್ರೀಯ ಸಂಸ್ಥೆಯ ಸಾಮಾನ್ಯ ವರ್ಗೀಕರಣದ ಪ್ರಕಾರ, ಮುಂದೆ ಭಾರಿ ವರ್ಗದ ವಿಮಾನ ಇದ್ದರೆ 5 ಮೈಲಿ, ಎ380 ಇದ್ದರೆ 7 ಮೈಲಿ ಬಿಡಬೇಕಾಗುತ್ತದೆ. ಇಳಿಯುವ ಮೊದಲು ಸುತ್ತು ಹಾಕಿಸಿದರೆಂದು ಬೇಸರಪಡುವ ಪ್ರಯಾಣಿಕರು ಇದನ್ನು ನೆನಪಿಟ್ಟರೆ ಒಳ್ಳೆಯದು.

ಒಂದು ಇಳಿಯಲು, ಒಂದು ಏರಲು ಎಂದು ಹಂಚಿಕೊಂಡರೂ ಎಚ್ಚರ ತಪ್ಪುವಂತಿಲ್ಲ. 2022ರ ಜನವರಿಯ ಒಂದು ಬೆಳಿಗ್ಗೆ ಬೆಂಗಳೂರಿನಲ್ಲಿ ಉತ್ತರ ರನ್‌ವೇಯಿಂದ ಏರಾಟ, ದಕ್ಷಿಣದಲ್ಲಿ ಇಳಿತ ನಡೆದಿತ್ತು. ದಕ್ಷಿಣವನ್ನು ನಿಲ್ಲಿಸುವ ನಿರ್ಧಾರ ದಕ್ಷಿಣದ ಟವರ್ ಕಂಟ್ರೋಲರ್‌ಗೆ ತಲುಪಲಿಲ್ಲ. ಎರಡೂ ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಎರಡು ವಿಮಾನ ಒಂದೇ ದಿಕ್ಕಿಗೆ ಏರಿ ಹತ್ತಿರ ಬಂದವು. ರಾಡಾರ್ ಕಂಟ್ರೋಲರ್ ಬೇರೆ ಬೇರೆ ಹೆಡಿಂಗ್ ಕೊಟ್ಟು ತಪ್ಪಿಸಿದರು. ಅಲ್ಲಿ ಕಡಿಮೆಯಾಗಿದ್ದದ್ದು ಮೀಟರ್ ಅಲ್ಲ, ಒಂದು ಫೋನ್ ಮಾತು.

ಅಂತರ ಕಾಯುವ ಸೂಚನೆಗೂ ಒಂದು ಬೆಲೆ ಇದೆ ಎಂಬುದನ್ನು ಬಜ್ಪೆಯವರಿಗೆ ಹೇಳಿಕೊಡಬೇಕಿಲ್ಲ. ಇಲ್ಲಿ 158 ಜನ ತೀರಿಹೋದ 2010ರ ಮೇ 22ರ ವಿಮಾನ ದುರಂತಕ್ಕೆ ಅಸ್ಥಿರ ಇಳಿತವನ್ನು ಕೈಬಿಡದಿದ್ದದ್ದೇ ನೇರ ಕಾರಣ ಎಂದು ತನಿಖೆ ಹೇಳಿತು. ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ: ಮೇ 20ರಿಂದ ರಾಡಾರ್ ಕೆಟ್ಟಿದ್ದರಿಂದ, ಬೇರೆ ವಿಮಾನಗಳ ಜೊತೆ ಅಂತರ ಕಾಯಲು, ಎತ್ತರ ಇಳಿಸುವ ಅನುಮತಿ ತಡವಾಗಿ, 80 ಮೈಲಿಯ ಆಸುಪಾಸಿನಲ್ಲಿ ಸಿಕ್ಕಿತು. ಸಾವಿರ ಅಡಿಗೆ 3 ಮೈಲಿ ಎಂಬ ಪೈಲಟ್‌ಗಳ ಕೈಲೆಕ್ಕದಲ್ಲಿ 37,000 ಅಡಿಯಿಂದ ಇಳಿಯಲು 111 ಮೈಲಿ ಬೇಕು. ಸುಮಾರು 30 ಮೈಲಿ ಕೊರತೆ. ಬೆಂಗಳೂರಿನ ಜೋಡಿ ರನ್‌ವೇಯಲ್ಲಾಗಲಿ ಬಜ್ಪೆಯ ಒಂಟಿ ಸಾಲಿನಲ್ಲಾಗಲಿ ಕಂಟ್ರೋಲರ್ ಎತ್ತರದಲ್ಲೇ ತಡೆದು ನಿಲ್ಲಿಸಿದರೆ ಆ ಕೊರತೆಯ ಮೈಲಿಗಳನ್ನು ಪೈಲಟ್ ಅಲ್ಲೇ, ಮೇಲಿರುವಾಗಲೇ ಕೇಳಿ ಪಡೆಯಬೇಕು: ಒಂದು ಸುತ್ತು, ಒಂದು ಹೋಲ್ಡಿಂಗ್ (ಒಂದೇ ಕಡೆ ಸುತ್ತುತ್ತಾ ಕಾಯುವುದು), ಉದ್ದನೆಯ ತಿರುವು. ಕಂಟ್ರೋಲರ್‌ಗೆ ಕೊಡಲಾಗದಿದ್ದರೆ ಪೈಲಟ್ "ಅನೇಬಲ್" (ಆಗುವುದಿಲ್ಲ) ಎನ್ನಬೇಕು. ಆ ಒಂದು ಶಬ್ದಕ್ಕೆ ಯಾವ ಕಂಟ್ರೋಲರೂ ಮುನಿಯುವುದಿಲ್ಲ.